ಸಹಿ ಯಾರ ಮಾಡಬೇಕ್ರಿ?

ಬೆಳೆಯುತ್ತಿರುವ ಕಂಪನಿಯಲ್ಲಿ ಯಜಮಾನ ಯಾರೆಂಬುದೇ ಗೊತ್ತಾಗದೆ ಹೋದರೆ ಏನಾಗುತ್ತದೆ ಎಂದು ಕಲಿಸಲು ಈಗ ಬೆಂಗಳೂರಿನ ಸ್ಟಾರ್ ಹೋಟೆಲುಗಳಲ್ಲಿ ಶಿಬಿರಗಳು ನಡೆಯುತ್ತವೆ. ಫೀ ಕಟ್ಟಿದವರಿಗೆ ಒಂದು ಬ್ಯಾಗು, ಒಂದು ಡೈರಿ, ಮಧ್ಯಾಹ್ನ ಪನೀರಿನ ಊಟ. ನಮ್ಮ ಕಡೆಯವರು ಅಷ್ಟು ದೂರ ಹೋಗುವ ಗರಜಿಲ್ಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ಊರು ಸುತ್ತಿ ಬಂದರೆ ಸಾಕು, ಪಾಠವೆಲ್ಲ ಕೆಂಪು ಬಸ್ಸಿನ ಟಿಕೆಟ್ಟಿನ ರೊಕ್ಕದಲ್ಲಿ ಮುಗಿಯುತ್ತದೆ. ಯಾಕೆಂದರೆ ಪ್ರಪಂಚದಲ್ಲಿ ಆವರೆಗೆ ಹುಟ್ಟಿದ ಕಂಪನಿಗಳಲ್ಲೆಲ್ಲ ಭಯಂಕರವಾಗಿ ಬೆಳೆದ ಒಂದು ಕಂಪನಿ ತನ್ನ ಆಡಳಿತದ ಅಧ್ವಾನವನ್ನೆಲ್ಲ ಈ ನಾಲ್ಕು ತಾಲ್ಲೂಕುಗಳಲ್ಲೇ ತೋರಿಸಿ ಹೋಗಿದೆ. ಹೆಸರು ಈಸ್ಟ್ ಇಂಡಿಯಾ ಕಂಪನಿ. ಸನದು ಸಿಕ್ಕಿದ್ದು 1600ರ ಡಿಸೆಂಬರ್ 31ರಂದು, ಹೆಡ್ ಆಫೀಸು ಲಂಡನ್ನು.

ನಾವು ಶಾಲೆಯಲ್ಲಿ ‘ಬ್ರಿಟಿಷರು’ ಎಂದು ಬರೆದು ಬರೆದು ಒಂದು ಮಾತು ಮರೆತಿದ್ದೇವೆ. ಕಿತ್ತೂರಿನ ಕೋಟೆಗೆ ತೋಪು ತಂದು ನಿಲ್ಲಿಸಿದ್ದು ಒಂದು ವ್ಯಾಪಾರಿ ಕಂಪನಿ. ಅದಕ್ಕೆ ಶೇರುದಾರರಿದ್ದರು, ಡಿವಿಡೆಂಡ್ ಇತ್ತು, ಇಪ್ಪತ್ನಾಲ್ಕು ಜನ ಡೈರೆಕ್ಟರುಗಳಿದ್ದರು, ಎರಡು ಲಕ್ಷಕ್ಕೂ ಮೀರಿದ ಸಿಪಾಯಿಗಳ ಸ್ವಂತ ಸೈನ್ಯವಿತ್ತು. 1813ರ ಕಾಯ್ದೆ ಬಂದ ಮೇಲೆ ಇಂಡಿಯಾದ ವ್ಯಾಪಾರದ ಏಕಸ್ವಾಮ್ಯವೂ ಕೈತಪ್ಪಿತ್ತು. ಅಂದರೆ ಮಾರುವುದು ಕಡಿಮೆಯಾಗಿ ಆಳುವುದು ಜಾಸ್ತಿಯಾಗಿತ್ತು. ಮೂಲ ಧಂದೆ ಬಿಟ್ಟು ಸಿಕ್ಕಿದ್ದಕ್ಕೆಲ್ಲ ಕೈ ಹಾಕುವ ಕಂಪನಿಗಳನ್ನು ಇವತ್ತು ಬಿಸಿನೆಸ್ ಪತ್ರಿಕೆಗಳ ಮುಖಪುಟದಲ್ಲಿ ಹಾಕಿ ಹೊಗಳುತ್ತಾರೆ.

ಈಗ 1824ರಲ್ಲಿ ಕಿತ್ತೂರಿನ ವಿಷಯಕ್ಕೆ ಸಹಿ ಮಾಡಬೇಕಾದವರು ಯಾರೆಂದು ಹುಡುಕೋಣ.

ಧಾರವಾಡದಲ್ಲಿ ಸೇಂಟ್ ಜಾನ್ ಥ್ಯಾಕರೆ ಇದ್ದ. ಕಲೆಕ್ಟರನೂ ಅವನೇ, ಪೊಲಿಟಿಕಲ್ ಏಜೆಂಟನೂ ಅವನೇ. ಇವನು ಮದ್ರಾಸ್ ಸರ್ವಿಸಿನವನು, ಕೆಲಸ ಮಾತ್ರ ಮುಂಬಯಿ ಕಡೆಯ ಸೀಮೆಯಲ್ಲಿ. ಇವನ ಮೇಲೆ ಪುಣೆಯಲ್ಲಿ ದಖ್ಖನಿನ ಕಮಿಷನರ್ ಚಾಪ್ಲಿನ್. ಅವನ ಮೇಲೆ ಮುಂಬಯಿಯಲ್ಲಿ ಗವರ್ನರ್ ಎಲ್ಫಿನ್‌ಸ್ಟನ್. ಅವನ ಮೇಲೆ ಕಲಕತ್ತೆಯಲ್ಲಿ ಗವರ್ನರ್ ಜನರಲ್ ಆ್ಯಮ್‌ಹರ್ಸ್ಟ್. ಆ ಪುಣ್ಯಾತ್ಮ ಆ ವರ್ಷ ಬರ್ಮಾ ಯುದ್ಧದ ಕೆಸರಿನಲ್ಲಿ ಸಿಕ್ಕಿಕೊಂಡಿದ್ದ. ಅವನ ಮೇಲೆ ಲಂಡನ್ನಿನ ಇಪ್ಪತ್ನಾಲ್ಕು ಡೈರೆಕ್ಟರುಗಳು. ಅಲ್ಲಿಗೆ ಮುಗಿಯಿತೆ? ಇಲ್ಲ. ಅವರ ತಲೆಯ ಮೇಲೆ 1784ರ ಪಿಟ್ ಕಾಯ್ದೆಯಿಂದ ಬಂದು ಕೂತ ಬೋರ್ಡ್ ಆಫ್ ಕಂಟ್ರೋಲ್. ಧಾರವಾಡದ ಪತ್ರ ಆಫ್ರಿಕಾ ಖಂಡ ಸುತ್ತಿಕೊಂಡು ಲಂಡನ್ ಮುಟ್ಟಿ, ಅಲ್ಲಿ ಚರ್ಚೆಯಾಗಿ, ಉತ್ತರ ಮತ್ತೆ ಆಫ್ರಿಕಾ ಸುತ್ತಿ ಬರುವಷ್ಟರಲ್ಲಿ ವರ್ಷವೊಂದು ಸಲೀಸಾಗಿ ಕಳೆಯುತ್ತಿತ್ತು. ಪ್ರಶ್ನೆ ಕೇಳಿದವನು ಅಷ್ಟರಲ್ಲಿ ವರ್ಗವಾಗಿರುತ್ತಿದ್ದ, ಇಲ್ಲವೇ ಕಾಲರಾದಿಂದ ಸತ್ತಿರುತ್ತಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಕೊಡಬೇಕಾದ ದೇವರು ಯಾವ ಗುಡಿಯಲ್ಲಿದ್ದಾನೆಂಬುದೇ ಪೂಜಾರಿಗೆ ತಿಳಿದಿರಲಿಲ್ಲ.

ಇನ್ನು ಗಿರಾಕಿಯ ಕಥೆ. ಕಿತ್ತೂರು ಕಂಪನಿಯ ವೈರಿಯೇನೂ ಆಗಿರಲಿಲ್ಲ. 1818ರಲ್ಲಿ ಮನ್ರೋ ಸಾಹೇಬ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನ ದೇಸಾಯರು ಅವನಿಗೆ ನೆರವು ಕೊಟ್ಟವರು. ಹಳೇ, ನಂಬಿಗಸ್ತ ಗಿರಾಕಿ. ಮುಂದೆ ಆರು ವರ್ಷಕ್ಕೆ, 1824ರ ಸೆಪ್ಟೆಂಬರಿನಲ್ಲಿ, ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜ ದೇಸಾಯಿ ತೀರಿಕೊಂಡ. ಸಾಯುವ ಮುಂಚೆ ಮಾಸ್ತಮರಡಿಯ ಗೌಡರ ಮಗನನ್ನು ದತ್ತಕ ತೆಗೆದುಕೊಂಡದ್ದಾಗಿತ್ತು, ಕಂಪನಿಗೆ ಪತ್ರ ಬರೆದದ್ದೂ ಆಗಿತ್ತು. ಪತ್ರ ನೋಡಿದ ಥ್ಯಾಕರೆ ಒಳಗಿನ ವಿಷಯ ಬಿಟ್ಟು ಕೆಳಗಿನ ಸಹಿ ಹಿಡಿದುಕೊಂಡ. ಇದು ದೇಸಾಯರ ಸಹಿಯಲ್ಲ, ನನಗೆ ಸಂಶಯ ಎಂದ. ಖಜಾನೆಗೆ ಸೀಲು ಹೊಡೆಸಿದ, ಕಾವಲು ಕೂಡಿಸಿದ.

ಯಾವ ಕಾನೂನಿನ ಮೇಲೆ? ಇಲ್ಲಿ ನಮ್ಮ ಗೈಡು ಪುಸ್ತಕಗಳು ಎದೆ ತಟ್ಟಿ ಹೇಳುತ್ತವೆ: ‘ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ಡಾಲ್‌ಹೌಸಿಯ ನೀತಿಯ ಪ್ರಕಾರ.’ ಡಾಲ್‌ಹೌಸಿ ಇಂಡಿಯಾಕ್ಕೆ ಬಂದದ್ದು 1848ರಲ್ಲಿ. ದತ್ತಕಕ್ಕೆ ಒಪ್ಪಿಗೆ ಕೊಡುವುದು ಅಪರೂಪವಾಗಿರಬೇಕು, ರೂಢಿಯಾಗಬಾರದು ಎಂದು ಲಂಡನ್ನಿನ ಡೈರೆಕ್ಟರುಗಳು ಬಾಯಿಬಿಟ್ಟು ಹೇಳಿದ್ದೇ 1834ರಲ್ಲಿ. ಅಂದರೆ ಕಿತ್ತೂರಿಗೆ ತೋಪು ಬಂದು ಹತ್ತು ವರ್ಷವಾದ ಮೇಲೆ. ಕ್ರಮ ಮೊದಲು, ನಿಯಮ ಆಮೇಲೆ. ಪಾಲಿಸಿ ಡಾಕ್ಯುಮೆಂಟ್ ತಯಾರಾಗುವುದಕ್ಕೆ ಮುಂಚೆಯೇ ನೌಕರರನ್ನು ಮನೆಗೆ ಕಳಿಸುವ ಈಗಿನ ಕಂಪನಿಗಳು ಇದೇನೋ ತಾವೇ ಕಂಡುಹಿಡಿದದ್ದು ಎಂದುಕೊಂಡಿವೆ.

ಕಿತ್ತೂರಿನ ರಾಣಿ ಚೆನ್ನಮ್ಮ ಪುಣೆಗೆ ಬರೆದಳು, ಮುಂಬಯಿಗೆ ಬರೆದಳು. ದತ್ತಕ ಒಪ್ಪಿ, ಎಂದಿನಂತೆ ನಡೆಯಲಿ ಎಂದಳು. ಇತ್ತ ಥ್ಯಾಕರೆ ಫೌಜು, ಕುದುರೆ ತೋಪು ಕಟ್ಟಿಕೊಂಡು ಕಿತ್ತೂರಿಗೇ ಬಂದು ಡೇರೆ ಹಾಕಿದ. ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ಬಾಗಿಲು ತೆರೆಯಿರಿ, ಇಲ್ಲವಾದರೆ ಒಡೆಯುತ್ತೇವೆ ಎಂದು ಗಡುವು ಕೊಟ್ಟ. ವಾರಗಟ್ಟಲೆ ಒಂದು ಪತ್ರಕ್ಕೆ ನೇರ ಉತ್ತರ ಕೊಡಲಾಗದ ಕಂಪನಿ ಆವತ್ತು ನಿಮಿಷ ಎಣಿಸುತ್ತಿತ್ತು! ಬಾಗಿಲು ತೆರೆಯಿತು. ಒಳಗಿನಿಂದ ಕಿತ್ತೂರಿನ ಜನ ನುಗ್ಗಿ ಬಂದರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ, ಕ್ಯಾಪ್ಟನ್ ಬ್ಲ್ಯಾಕ್ ಬಿದ್ದ, ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ಕೋಟೆಯ ಒಳಗೆ ಮಾತ್ರ ಗೊಂದಲವೇನೂ ಇರಲಿಲ್ಲ. ಹೇಳುವವಳು ಚೆನ್ನಮ್ಮ, ನಡೆಸುವವನು ಸರದಾರ ಗುರುಸಿದ್ಧಪ್ಪ. ಮ್ಯಾನೇಜ್‌ಮೆಂಟ್ ಗುರುಗಳು ಇದನ್ನು ಗಮನಿಸಬೇಕು. ಆದರೆ ಅವರ ಸ್ಲೈಡುಗಳಲ್ಲಿ ಬರುವುದು ಜಪಾನಿನ ಕಾರು ಕಂಪನಿ.

(ಒಂದು ಅಡ್ಡ ಮಾತು. ಈ ಥ್ಯಾಕರೆಯ ಸೋದರನ ಮಗನೇ ದೊಡ್ಡ ಕಾದಂಬರಿಕಾರ ವಿಲಿಯಂ ಥ್ಯಾಕರೆ. ಅವನ ‘ವ್ಯಾನಿಟಿ ಫೇರ್’ನಲ್ಲಿ ಕಂಪನಿಯ ಕಲೆಕ್ಟರನೊಬ್ಬ ಬರುತ್ತಾನೆ, ತಿಂದು ಕೊಬ್ಬಿದ, ಜಂಬದ, ಪುಕ್ಕಲು ಆಸಾಮಿ. ಕಂಪನಿ ಎಂದರೇನೆಂದು ಆ ಮನೆಯವರಿಗೆ ಒಳಗಿನಿಂದಲೇ ಗೊತ್ತಿತ್ತೆಂದು ಕಾಣುತ್ತದೆ.)

ನಾನು ಹೇಳಹೊರಟದ್ದು ಇಷ್ಟೇ. ‘ಹೌದು’ ಎನ್ನುವ ಅಧಿಕಾರ ಯಾರಿಗಿದೆಯೆಂದು ಗೊತ್ತಿಲ್ಲದ ಕಂಪನಿಯಲ್ಲಿ ‘ಇಲ್ಲ’ ಎನ್ನುವ ಅಧಿಕಾರ ಎಲ್ಲರಿಗೂ ಬಂದುಬಿಡುತ್ತದೆ. ಹೌದು ಎಂದವನಿಗೆ ನಾಳೆ ಜವಾಬು ಕೇಳುತ್ತಾರೆ. ಇಲ್ಲ ಎಂದವನು ಶಿಸ್ತಿನ ಮನುಷ್ಯ. ಸೀಲು ಹೊಡೆದವನು ಇನ್ನೂ ದೊಡ್ಡ ಶಿಸ್ತಿನ ಮನುಷ್ಯ.

ಇದೆಲ್ಲ ಹಳೇ ಕಥೆ ಎನ್ನುವವರಿಗೆ ಒಂದು ಹೊಸದು. ಊರು ಈ ನಾಲ್ಕರಲ್ಲೊಂದು. ಯಾವುದೆಂದು ಕೇಳಬೇಡಿ, ಹೇಳಿದರೆ ನಾಳೆ ನನಗೆ ಚಾ ಕುಡಿಸುವವರಿಲ್ಲ. ಹಿರಿಯ ಸಾವ್ಕಾರ್ರದು ಎಪಿಎಂಸಿ ಯಾರ್ಡಿನಲ್ಲಿ ಅಡತಿ ಅಂಗಡಿ. ಹತ್ತಿ, ಕಡ್ಲಿ, ಗೋವಿನಜೋಳ. ಗಾದಿಯ ಮೇಲೆ ಸಾವ್ಕಾರ್ರು, ಪಕ್ಕದಲ್ಲಿ ದಿವಾನಜಿ, ಮೂಲೆಯಲ್ಲಿ ಬಸವಣ್ಣನ ಫೋಟೋ. ಅಷ್ಟರಲ್ಲೇ ಚೆನ್ನಾಗಿ ನಡೆದಿತ್ತು. ಆಮೇಲೆ ಹತ್ತಿ ಜಿನ್ ಬಂತು, ಗೊಬ್ಬರದ ಅಂಗಡಿ ಬಂತು, ಟ್ರ್ಯಾಕ್ಟರ್ ಶೋರೂಮ್ ಬಂತು. ಮೂವರು ಗಂಡುಮಕ್ಕಳೂ ಡೈರೆಕ್ಟರುಗಳಾದರು. ಬೋರ್ಡಿನ ಮೇಲೆ ‘ಗ್ರೂಪ್ ಆಫ್ ಕಂಪನೀಸ್’ ಎಂದು ಬಿತ್ತು. ಆ ಬೋರ್ಡು ಬಿದ್ದ ದಿನದಿಂದ ಅಲ್ಲಿ ಯಾರನ್ನು ಏನು ಕೇಳಬೇಕೆಂಬುದು ಯಾರಿಗೂ ಗೊತ್ತಿಲ್ಲ.

ಹಿರಿಯ ಸಾವ್ಕಾರ್ರು, “ನಾ ರಿಟೈರ್ ಆಗೇನ್ರಿ, ಈಗೆಲ್ಲಾ ಹುಡುಗರ ನೋಡತಾರ” ಎನ್ನುತ್ತಾರೆ. ಚೆಕ್‌ಬುಕ್ಕು ಮಾತ್ರ ಅವರ ಗಾದಿಯ ಕೆಳಗೆ. ದೊಡ್ಡ ಮಗ, “ಅಪ್ಪಾರನ್ನ ಒಂದ ಮಾತ ಕೇಳ್ರಿ” ಎನ್ನುತ್ತಾನೆ. ನಡುವಿನವನು, “ಅಣ್ಣಾ ಏನಂದ?” ಎನ್ನುತ್ತಾನೆ. ಸಣ್ಣವನು ಬೆಂಗಳೂರಿನಲ್ಲಿ ಕಲಿತು ಬಂದವನು. ಅವನು ಏನೂ ಅನ್ನುವುದಿಲ್ಲ, ವಾಟ್ಸಾಪಿನಲ್ಲಿ ಹೆಬ್ಬೆಟ್ಟಿನ ಚಿತ್ರ ಒತ್ತುತ್ತಾನೆ. ಅದು ಒಪ್ಪಿಗೆಯೋ, ನೋಡಿದೆ ಎಂಬ ಗುರುತೋ, ಸುಮ್ಮನೆ ಬೆರಳು ತಾಗಿದ್ದೋ, ಬ್ಯಾಂಕಿನವರು ಕೇಳಿದಾಗ ದಿವಾನಜಿ ಏನು ಹೇಳಬೇಕು?

ಒಂದು ಸಂಜೆ ಯಾರ್ಡಿನಲ್ಲಿ ಅರಳಿ ಗಂಟು ತುಂಬಿದ ಲಾರಿ ನಿಂತಿತ್ತು. ದೊಡ್ಡವನು ಲೋಡ್ ಮಾಡಿಸಿದ್ದ. ನಡುವಿನವನು, “ತಡೀರಿ, ರೇಟ್ ಏರತೈತಿ” ಎಂದು ನಿಲ್ಲಿಸಿದ್ದ. ಸಣ್ಣವನು, “ನಾವಿನ್ನ ಅರಳಿ ಧಂದೇದಾಗ ಇಲ್ಲ, ನಾವೀಗ ಅಗ್ರಿ ಸೊಲ್ಯೂಷನ್ಸ್” ಎಂದು ಗ್ರೂಪಿನಲ್ಲಿ ಮೆಸೇಜು ಹಾಕಿದ್ದ. ಡ್ರೈವರ್ ಹಾಲ್ಟಿಂಗ್ ರೊಕ್ಕ ಬರೆದುಕೊಳ್ಳುತ್ತ ಲಾರಿಯ ನೆರಳಿಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಆ ಇಡೀ ಗ್ರೂಪ್ ಆಫ್ ಕಂಪನೀಸಿನಲ್ಲಿ ನಿಶ್ಚಿಂತೆಯಿಂದ ಇದ್ದವನು ಅವನೊಬ್ಬನೇ. ಅಷ್ಟರಲ್ಲಿ ಸವದತ್ತಿ ಕಡೆಯ ರೈತನೊಬ್ಬ ದಿವಾನಜಿಯ ಮುಂದೆ ಬಂದು ನಿಂತ.

“ಯಪ್ಪಾ, ಹತ್ತಿ ಹಾಕಿ ತಿಂಗಳಾತು. ರೊಕ್ಕ ಯಾವಾಗ್ರಿ?”

“ಚೆಕ್ ಬರದ ಇಟ್ಟೇನಿ ಕಾಕಾ. ಸಹಿ ಒಂದ ಆಗಬೇಕು.”

“ಸಹಿ ಯಾರ ಮಾಡಬೇಕ್ರಿ?”

“ಮೂರ ವರ್ಷ ಆತು, ನಾನೂ ಅದನ್ನ ಕೇಳಾಕತ್ತೇನಿ.”

ರೈತ ಸಿಟ್ಟಿನಿಂದ, ಹಾಗಾದರೆ ನನ್ನ ಹತ್ತಿ ನನಗೆ ವಾಪಸ್ ಕೊಡಿ ಎಂದ. ಗೋಡೌನಿನ ಬಾಗಿಲಲ್ಲಿ ಕೂತಿದ್ದ ವಾಚಮನ್ ಎದ್ದು ನಿಂತ. “ಕೀಲಿ ನನ್ನ ಕಡೆ ಐತಿ. ಮ್ಯಾಲಿಂದ ಹೇಳೂತನಕಾ ಒಂದ ಗಂಟೂ ಬಿಡೂದಿಲ್ಲ” ಎಂದ. ಮೇಲಿನಿಂದ ಎಂದರೆ ಯಾರಿಂದ ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಆದರೆ ನಾಲ್ವರು ಸಾವ್ಕಾರ್ರ ಸಂಸ್ಥೆಯಲ್ಲಿ ಆ ಹೊತ್ತಿಗೆ ಖಚಿತವಾಗಿ ಒಂದು ನಿರ್ಧಾರ ತೆಗೆದುಕೊಂಡ ನಾಯಕ ಅವನೇ. ಇವನಿಗೆ ಟೊಪ್ಪಿಗೆ ಹಾಕಿ, ಕುದುರೆ ಹತ್ತಿಸಿ, ಹಿಂದೆ ಎರಡು ತೋಪು ಕೊಟ್ಟರೆ ಧಾರವಾಡದ ಕಲೆಕ್ಟರ್ ಆಗುತ್ತಾನೆ.

ಇಂಥ ಕಂಪನಿಗಳಲ್ಲಿ ಅಪ್ರೈಸಲ್ ಹೇಗೆ ನಡೆಯುತ್ತದೆ ಎಂಬುದೂ ಕಿತ್ತೂರಿನಿಂದಲೇ ಕಲಿಯಬೇಕಾದದ್ದು. ಅದೇ 1824ರ ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಫೌಜು ಬಂತು. ಸೊಲ್ಲಾಪುರದ ಸಬ್‌ಕಲೆಕ್ಟರ್ ಇನ್ನೊಬ್ಬ ಮನ್ರೋ, ಮದ್ರಾಸ್ ಗವರ್ನರನ ಹತ್ತಿರದ ಸಂಬಂಧಿ, ಅದರಲ್ಲಿ ಸತ್ತ. 5ರಂದು ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು, 1829ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡಳು. ಕಂಪನಿಯ ಕಡೆ ಶಿಕ್ಷೆ ಯಾರಿಗಾಯಿತು? ಸತ್ತ ಥ್ಯಾಕರೆಗೆ. ಅವನಿಗೂ ಧಾರವಾಡದಲ್ಲಿ ಸ್ಮಾರಕ ಸಿಕ್ಕಿತು. ಆ್ಯಮ್‌ಹರ್ಸ್ಟ್ 1826ರಲ್ಲಿ ಅರ್ಲ್ ಪದವಿಗೇರಿದ. ಎಲ್ಫಿನ್‌ಸ್ಟನ್ ಹೆಸರಿನಲ್ಲಿ ಮುಂಬಯಿಯಲ್ಲಿ ಕಾಲೇಜೇ ಎದ್ದಿತು. ಚಾಪ್ಲಿನ್ ಕೂತಿದ್ದ ಕಮಿಷನರ್ ಹುದ್ದೆಯನ್ನೇ ರದ್ದು ಮಾಡಿದರು. ತಪ್ಪು ಮಾಡಿದ ಮನುಷ್ಯನನ್ನು ಬಿಟ್ಟು ಕುರ್ಚಿಯನ್ನು ಮನೆಗೆ ಕಳಿಸುವ ಈ ಪದ್ಧತಿಗೆ ಈಗ ರೀಸ್ಟ್ರಕ್ಚರಿಂಗ್ ಎಂಬ ಮರ್ಯಾದಸ್ಥ ಹೆಸರಿದೆ. ಒಟ್ಟು ಲೆಕ್ಕದಲ್ಲಿ ನಮಗೆ ಲಾಭವಾದದ್ದು ಒಬ್ಬನಿಂದ. ಕಿತ್ತೂರಿನಲ್ಲಿ ಸೆರೆಸಿಕ್ಕು ಬಿಡುಗಡೆಯಾದ ವಾಲ್ಟರ್ ಎಲಿಯಟ್ ಮುಂದೆ ಈ ಸೀಮೆಯ ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದ, ಧಾರವಾಡದ ಕಡೆ ಕನ್ನಡ ಶಾಲೆಗಳ ಪರ ನಿಂತ. ಇದು ಯಾವ ಹೆಡ್ ಆಫೀಸಿನ ಪ್ಲಾನೂ ಆಗಿರಲಿಲ್ಲ.

ಕಡತ ಮುಚ್ಚಿತೆಂದು ಕಂಪನಿ ತಿಳಿದುಕೊಂಡಿತು. ದತ್ತು ಮಗ ಶಿವಲಿಂಗಪ್ಪನ ವಿಷಯ ಹಾಗೇ ಉಳಿದಿತ್ತು. ಅವನನ್ನೇ ಗಾದಿಗೆ ಕೂರಿಸಬೇಕೆಂದು ಸಂಗೊಳ್ಳಿ ರಾಯಣ್ಣ ದಂಡು ಕಟ್ಟಿದ. 1830ರ ಜನವರಿಯಲ್ಲಿ ಬೀಡಿ ಎಂಬ ಊರಿನ ಕಂಪನಿ ಕಚೇರಿಗೆ ಬೆಂಕಿ ಬಿತ್ತು. ಕಂಪನಿಯ ಜೀವ ಇದ್ದದ್ದೇ ಕಾಗದದಲ್ಲಿ ಎಂದು ಸಂಗೊಳ್ಳಿಯ ಈ ಹುಡುಗನಿಗೆ ಯಾವ ಶಿಬಿರಕ್ಕೂ ಹೋಗದೆ ತಿಳಿದಿತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಆಯಿತು, ಮೊದಲ ಸಲ ತಪ್ಪಿತು, ಎರಡನೇ ಸಲ ಕಲಿತಿರಬೇಕು ಎನ್ನುತ್ತೀರಾ? ಹಾಗಾದರೆ ರಾಮದುರ್ಗದ ಬಸ್ಸು ಹತ್ತಿ, ಸುರೇಬಾನಕ್ಕೆ ಟಿಕೆಟ್ ತೆಗೆಯಿರಿ. ರಾಮದುರ್ಗವೂ ನರಗುಂದವೂ ಒಂದೇ ಭಾವೆ ಮನೆತನದ ಎರಡು ಗಾದಿ. ನರಗುಂದದ ಬಾಬಾಸಾಹೇಬನಿಗೆ ಮಕ್ಕಳಿರಲಿಲ್ಲ. ದತ್ತಕಕ್ಕೆ ಅನುಮತಿ ಕೇಳಿದ. ಕೊಡಲಿಲ್ಲ. ಅಕ್ಷರ ಬದಲಾಗದ ಅದೇ ಅರ್ಜಿ, ಅದೇ ಉತ್ತರ. ಬೆಳಗಾವಿಯ ಕಲೆಕ್ಟರ್ ಸೆಟನ್‌ಕರ್ ಪೊಲಿಟಿಕಲ್ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ. ಅವನಿಗೆ ಈ ಸಂಸ್ಥಾನಿಕರ ಒಳಹೊರಗು ಗೊತ್ತಿತ್ತು. ಮೇಲಿನವರಿಗೆ ಅದೇ ಸಹಿಸಲಿಲ್ಲವೋ ಏನೋ, 1858ರಲ್ಲಿ, ದೇಶಕ್ಕೇ ಬೆಂಕಿ ಬಿದ್ದ ಹೊತ್ತಿನಲ್ಲಿ, ಆ ಕೆಲಸವನ್ನು ಅವನಿಂದ ಬಿಡಿಸಿ ಮ್ಯಾನ್‌ಸನ್ ಎಂಬವನಿಗೆ ಕೊಟ್ಟರು. ಮ್ಯಾನ್‌ಸನ್ ಹಿಂದೆ ಎಲ್ಲಿದ್ದ? ಇನಾಮ್ ಕಮಿಷನ್ನಿನಲ್ಲಿ. ಜನರ ಇನಾಮು ಜಮೀನಿನ ಸನದು ಕೆದಕಿ ಕಸಿದುಕೊಳ್ಳುವ ಇಲಾಖೆಯಲ್ಲಿ. ಕಸಿದುಕೊಳ್ಳುತ್ತಿದ್ದವನನ್ನು ಸಂಬಂಧ ಕಾಪಾಡಲು ಕಳಿಸಿದರು. ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಮ್ಯಾನ್‌ಸನ್ ಮೇಲೆ ಬಾಬಾಸಾಹೇಬನ ಜನ ಬಿದ್ದರು. ಅವನ ತಲೆ ನರಗುಂದದ ಅಗಸಿಗೆ ಹೋಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು.

ಕಿತ್ತೂರಿನಿಂದ ಸುರೇಬಾನಕ್ಕೆ ಮೂವತ್ನಾಲ್ಕು ವರ್ಷ. ನಡುವೆ ಎಷ್ಟು ರಿಪೋರ್ಟು, ಎಷ್ಟು ಮಿನಿಟ್ಸು, ಎಷ್ಟು ಪ್ರತಿ! ದಫ್ತರ ಇಡುವುದರಲ್ಲಿ ಆ ಕಂಪನಿಯನ್ನು ಮೀರಿಸಿದವರಿಲ್ಲ. ಓದುವವರ ಹುದ್ದೆಯೊಂದನ್ನು ಮಾತ್ರ ಮಂಜೂರು ಮಾಡಿರಲಿಲ್ಲ. ಕೊನೆಗೆ 1858ರಲ್ಲೇ ಅಧಿಕಾರ ರಾಣಿ ವಿಕ್ಟೋರಿಯಾಳ ಕೈಗೆ ಹೋಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ವೈಸ್‌ರಾಯ್ ಕ್ಯಾನಿಂಗ್ ಸಂಸ್ಥಾನಿಕರಿಗೆ ಕರೆಕರೆದು ದತ್ತಕದ ಸನದು ಕೊಟ್ಟ. ಚೆನ್ನಮ್ಮ ಕೇಳಿದ್ದೂ ಅದನ್ನೇ. ಅಷ್ಟೊಂದು ಸಣ್ಣ ಸಹಿಗೆ ಇಷ್ಟೊಂದು ದೊಡ್ಡ ಕಂಪನಿಯನ್ನೇ ಮುಚ್ಚಬೇಕಾಯಿತು.

ಸವದತ್ತಿ ತಾಲ್ಲೂಕು ಬಾಕಿ ಉಳಿಯಿತು. ಅಲ್ಲಿ ಶಿರಸಂಗಿ ಇದೆ. ಅಲ್ಲಿನ ಲಿಂಗರಾಜ ದೇಸಾಯರು, 1861ರಲ್ಲಿ ಹುಟ್ಟಿದವರು, ಆ ವಾಡೆಗೆ ದತ್ತಕವಾಗಿಯೇ ಬಂದವರು. ಅವರಿಗೂ ಸಂತಾನವಿರಲಿಲ್ಲ. ಗಾದಿಯ ಮುಂದೆ ಇಬ್ಬರು ಬಡಿದಾಡಲಿ ಎಂದು ಅವರು ಬಿಟ್ಟುಹೋಗಲಿಲ್ಲ. 1906ರಲ್ಲಿ ತೀರಿಕೊಳ್ಳುವ ಮುಂಚೆಯೇ ಮೃತ್ಯುಪತ್ರ ಬರೆಸಿ, ಆಸ್ತಿ ವಿದ್ಯಾರ್ಥಿಗಳ ಓದಿಗೆ ಹೋಗಬೇಕೆಂದು ಟ್ರಸ್ಟಿಗೆ ಕೊಟ್ಟರು. ನವಲಗುಂದ ಶಿರಸಂಗಿ ಟ್ರಸ್ಟಿನ ಶಿಷ್ಯವೇತನದಲ್ಲಿ ಓದಿ ಮೇಲೆ ಬಂದವರು ಈ ಸೀಮೆಯಲ್ಲಿ ಊರಿಗೆ ನಾಲ್ಕು ಜನ ಸಿಗುತ್ತಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇರುವುದು ಅವರದೇ ಹೆಸರು. ಲೀಡರ್‌ಶಿಪ್ ಬಗ್ಗೆ ಅವರು ಭಾಷಣ ಮಾಡಿದ್ದು ನನಗೆ ಎಲ್ಲೂ ಸಿಕ್ಕಿಲ್ಲ.

ಈಗ ನಮ್ಮ ಸಾವ್ಕಾರ್ರ ಸಂಸ್ಥೆಯಲ್ಲಿ ಐದನೇ ಧಂದೆ ತೆಗೆಯುವ ಮಾತು ನಡೆದಿದೆಯಂತೆ. ಪೂಜೆಗೆ ಸ್ವಾಮಿಗಳ ತಾರೀಖು ಸಿಕ್ಕಿದೆ, ಪತ್ರಿಕೆ ಅಚ್ಚಿಗೆ ಹೋಗಿದೆ, ಘನ ಉಪಸ್ಥಿತಿಯ ಹೆಸರುಗಳು ಎರಡು ಪುಟ ತುಂಬಿವೆ. ಮಾಡಿ ಸಾವ್ಕಾರ್ರೇ, ಬೆಳೆಯಿರಿ, ಬೇಡ ಎಂದವರಾರು? ಆದರೆ ರಿಬ್ಬನ್ ಕತ್ತರಿಸುವ ಮುಂಚೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಚೆಕ್ಕಿಗೆ ಸಹಿ ಯಾರದು, ಗೋಡೌನಿನ ಕೀಲಿ ಯಾರದು, ಲಾರಿ ಬಿಡು ಎನ್ನುವವರು ಯಾರು, ನಾಲ್ಕು ಸಾಲು ಬರೆದು ದಿವಾನಜಿಯ ಕೈಗೆ ಕೊಡಿ. ಆ ರೈತನ ಚೆಕ್ಕು ಇನ್ನೂ ಅವರ ಡ್ರಾವರಿನಲ್ಲೇ ಇದೆ. ಮೊದಲು ಅದಕ್ಕೆ ಸಹಿ ಹಾಕಿ.